ಸಿನಿಮಾ ಇಷ್ಟ ಆಗಲಿಲ್ಲ ಅಂದರೆ ನಾನು ಯಾವ ಕಡೆಯವನು?

ಕೊನೇಸಾಲು:

ಪ್ರಶ್ನೆ ಸ್ವಲ್ಪ ಉದ್ದ ಇದೆ, ಸಹಿಸಿಕೊಳ್ಳಿ.

ಹೋದ ವಾರ 'ದಿ ಮಾರ್ವೆಲ್ಸ್' ನೋಡಿದೆ. 2023ರ ಸೂಪರ್‌ಹೀರೋ ಸಿನಿಮಾ, ನಾನು ಯಾವಾಗಲೂ ತಡ. ಮೂವರು ನಾಯಕಿಯರು. ಒಬ್ಬಳು ಬಿಳಿಯಳು, ಒಬ್ಬಳು ಕಪ್ಪು ವರ್ಣೀಯಳು, ಇನ್ನೊಬ್ಬಳು ಪಾಕಿಸ್ತಾನಿ ಮೂಲದ ಅಮೆರಿಕದ ಹುಡುಗಿ. ನಿರ್ದೇಶಕಿಯೂ ಕಪ್ಪು ವರ್ಣೀಯ ಮಹಿಳೆ. ಆ ಚಿಕ್ಕ ಹುಡುಗಿ ಕಮಲಾ ಬಂದಾಗೆಲ್ಲ ನನಗೆ ಖುಷಿಯಾಯಿತು. ಅವಳ ಮನೆಯೊಳಗೇ ನಡೆಯುವ ಹೊಡೆದಾಟಕ್ಕೆ ಜೋರಾಗಿ ನಕ್ಕೆ. ಆದರೆ ಖಳನಾಯಕಿಗೆ ಯಾಕೆ ಅಷ್ಟು ಸಿಟ್ಟು ಅನ್ನುವುದು ಮನಸ್ಸಿಗೆ ತಟ್ಟಲೇ ಇಲ್ಲ. ನಾಯಕಿಯರಲ್ಲಿ ಇಬ್ಬರ ಹಿಂದಿನ ಕತೆ ಗೊತ್ತಾಗಬೇಕಾದರೆ ಬೇರೆ ಬೇರೆ ಸೀರೀಸ್ ನೋಡಿರಬೇಕು. ಇರುವುದೇ ಒಂದೂಮುಕ್ಕಾಲು ಗಂಟೆ, ಅದರಲ್ಲೂ ನಡುವೆ ಎಲ್ಲೋ ಏನನ್ನೋ ಕತ್ತರಿಸಿ ಎಸೆದ ಹಾಗೆ ಅನಿಸಿತು.

ನಮ್ಮ ಸಿನಿಮಾ ಗ್ರೂಪಿನಲ್ಲಿ ಇಷ್ಟೇ ಬರೆದೆ. ಹತ್ತು ನಿಮಿಷ ಆಗಿರಲಿಲ್ಲ, ಒಬ್ಬ ಬಂದು 'ಸರಿಯಾಗಿ ಹೇಳಿದೆ ಗುರು, ಹೆಂಗಸರನ್ನು ಹಾಕಿ ಎಲ್ಲ ಹಾಳು ಮಾಡಿದರು' ಅಂತ ಬೆನ್ನು ತಟ್ಟಿದ. ನಾನು ಹಾಗೆ ಹೇಳಿಯೇ ಇಲ್ಲ. ಅವನಿಗೆ ಉತ್ತರ ಟೈಪ್ ಮಾಡುತ್ತಿದ್ದಾಗಲೇ ಇನ್ನೊಬ್ಬರು 'ಹೆಣ್ಣುಮಕ್ಕಳು ಹೊಡೆದಾಡಿದರೆ ನಿಮಗೆ ಯಾಕ್ರೀ ಹೊಟ್ಟೆಯುರಿ' ಅಂದರು. ಆಮೇಲೆ ಅವರಿಬ್ಬರೇ ಜಗಳಕ್ಕೆ ಬಿದ್ದರು, ರಾತ್ರಿ ಹನ್ನೆರಡರವರೆಗೆ. ಕೊನೆಗೆ 'ನೀವಿಬ್ಬರೂ ಸಿನಿಮಾ ನೋಡಿದ್ದೀರಾ' ಅಂತ ಕೇಳಿದೆ. ಇಬ್ಬರೂ ನೋಡಿಲ್ಲ.

ಈಗ ನನ್ನ ಪ್ರಶ್ನೆ. ಸಿನಿಮಾ ನಿಜವಾಗಿ ಹಿಡಿಸದೆ ಬೈಯುವವರು ಯಾರು, ಬಣ್ಣ ನೋಡಿ ಅಥವಾ ಹೆಣ್ಣು ಅಂತ ನೋಡಿ ಬೈಯುವವರು ಯಾರು, ಇವರನ್ನು ಬೇರೆ ಮಾಡಿ ತಿಳಿಯುವುದು ಹೇಗೆ? ಇನ್ನೊಂದು ಸ್ವಲ್ಪ ಮುಜುಗರದ ಪ್ರಶ್ನೆ. ನನ್ನೊಳಗೇ ಅದು ಚೂರು ಇದ್ದರೆ ನನಗೆ ಗೊತ್ತಾಗುವುದು ಹೇಗೆ?

ಹಳೇರೀಲು:

ಮೊದಲ ಪ್ರಶ್ನೆಗೆ ನನ್ನ ಹತ್ತಿರ ಒಂದು ಸುಲಭ ಉಪಾಯ ಇದೆ. ಸಿಟ್ಟಿನ ತಾರೀಖು ನೋಡಿ.

2016ರ 'ಘೋಸ್ಟ್‌ಬಸ್ಟರ್ಸ್' ತೆಗೆದುಕೊಳ್ಳಿ, ನಾಲ್ವರು ಹೆಂಗಸರು ಭೂತ ಹಿಡಿಯುವ ಹೊಸ ಅವತಾರ. ಟ್ರೇಲರ್ ಬಂದದ್ದು ಮಾರ್ಚ್‌ನಲ್ಲಿ, ಸಿನಿಮಾ ಬಂದದ್ದು ಜುಲೈನಲ್ಲಿ. ಸಿನಿಮಾ ಬರುವ ಹೊತ್ತಿಗಾಗಲೇ ಅದು ಯೂಟ್ಯೂಬ್‌ನಲ್ಲಿ ಅತಿ ಹೆಚ್ಚು ಡಿಸ್‌ಲೈಕ್ ಬಿದ್ದ ಸಿನಿಮಾ ಟ್ರೇಲರ್ ಆಗಿತ್ತು. ಟ್ರೇಲರ್ ಅಷ್ಟೇನೂ ಚೆನ್ನಾಗಿರಲಿಲ್ಲ, ಒಪ್ಪುತ್ತೇನೆ. ಆದರೆ ಚೆನ್ನಾಗಿಲ್ಲದ ಟ್ರೇಲರ್ ವಾರಕ್ಕೆ ಎರಡು ಬರುತ್ತವೆ, ಯಾರೂ ಅಷ್ಟೊಂದು ಜನ ಕೈ ಕೈ ಹಿಡಿದುಕೊಂಡು ಹೋಗಿ ಬಟನ್ ಒತ್ತುವುದಿಲ್ಲ. ನಾಲ್ವರಲ್ಲಿ ಒಬ್ಬಳೇ ಕಪ್ಪು ವರ್ಣೀಯ ನಟಿ, ಲೆಸ್ಲಿ ಜೋನ್ಸ್. ಟ್ವಿಟರ್‌ನಲ್ಲಿ ಅವಳಿಗೆ ಕಳಿಸಿದ ಚಿತ್ರಗಳು, ಮಾತುಗಳು ಎಷ್ಟು ಅಸಹ್ಯ ಇದ್ದವು ಅಂದರೆ ಅವಳು ಕೆಲವು ದಿನ ಅಲ್ಲಿಂದ ಎದ್ದು ಹೋಗಬೇಕಾಯಿತು. ಅದರಲ್ಲಿ ಕತೆ, ನಟನೆ, ಎಡಿಟಿಂಗ್ ಬಗ್ಗೆ ಏನಿತ್ತು ಹೇಳಿ.

2019ರಲ್ಲಿ ಹೆಣ್ಣು ಸೂಪರ್‌ಹೀರೋ ಇರುವ 'ಕ್ಯಾಪ್ಟನ್ ಮಾರ್ವೆಲ್' ಬರುವ ಮುಂಚೆ ಇದೇ ಕತೆ. ಸಿನಿಮಾ ವಿಮರ್ಶೆಗಳನ್ನು ಒಟ್ಟುಹಾಕುವ ರಾಟನ್ ಟೊಮ್ಯಾಟೋಸ್ ಸೈಟಿನಲ್ಲಿ ಆಗ ಸಿನಿಮಾ ಬರುವ ಮುಂಚೆಯೇ 'ನೋಡಬೇಕು', 'ಬೇಡ' ಅಂತ ಒತ್ತುವ ಸೌಲಭ್ಯ ಇತ್ತು, ಕಮೆಂಟ್ ಕೂಡ ಹಾಕಬಹುದಿತ್ತು. ಬೇಡ ಅನ್ನುವವರು ದಂಡೆತ್ತಿ ಬಂದರು. ಫೆಬ್ರವರಿಯಲ್ಲಿ ಸೈಟಿನವರು ಆ ಶೇಕಡಾ ಲೆಕ್ಕವನ್ನೇ ತೆಗೆದು, ಬಿಡುಗಡೆಗೆ ಮುಂಚಿನ ಕಮೆಂಟಿಗೂ ಬಾಗಿಲು ಹಾಕಿದರು. ಅದೇ ವರ್ಷ ಮೇ ತಿಂಗಳಲ್ಲಿ ಟಿಕೆಟ್ ಕೊಂಡದ್ದು ಖಾತ್ರಿಯಾದವರ ರೇಟಿಂಗನ್ನು ಬೇರೆಯಾಗಿ ತೋರಿಸಲು ಶುರು ಮಾಡಿದರು. ಸಿನಿಮಾ 110 ಕೋಟಿ ಡಾಲರ್ ದಾಟಿತು, ಅದು ಬೇರೆ ವಿಷಯ.

ಇನ್ನೊಂದು ಗುರುತು ರೇಟಿಂಗಿನ ಕಂಬಗಳು. ಸಿನಿಮಾಗಳಿಗೆ ಜನ ಅಂಕ ಕೊಡುವ ಐಎಂಡಿಬಿ ಸೈಟಿನಲ್ಲಿ ಯಾವುದಾದರೂ ಸಿನಿಮಾದ ರೇಟಿಂಗ್ ಮೇಲೆ ಒತ್ತಿದರೆ 1ರಿಂದ 10ರವರೆಗೆ ಯಾರ್‍ಯಾರು ಎಷ್ಟು ಕೊಟ್ಟಿದ್ದಾರೆ ಅಂತ ಕಾಣಿಸುತ್ತದೆ. ಸಾಧಾರಣ ಸಿನಿಮಾಕ್ಕೆ ಅದು ಗುಡ್ಡದ ಆಕಾರದಲ್ಲಿ ಇರುತ್ತದೆ. ಐದು, ಆರು, ಏಳರ ಹತ್ತಿರ ಉಬ್ಬು, ಎರಡೂ ಕಡೆ ಇಳಿಜಾರು. ಜಗಳದ ಸಿನಿಮಾಕ್ಕೆ ಮಾತ್ರ ಈ ಕೊನೆಗೊಂದು ಗೋಡೆ, ಆ ಕೊನೆಗೊಂದು ಗೋಡೆ, ನಡುವೆ ಹಳ್ಳ. ಒಂದು ಗೋಡೆ ಕಟ್ಟಿದವರು ಬೈಯಲು ಬಂದವರು. ಇನ್ನೊಂದು ಕಟ್ಟಿದವರು ಅವರಿಗೆ ಬುದ್ಧಿ ಕಲಿಸಲು ಬಂದವರು. ಸಿನಿಮಾ ನೋಡಿದವರು ಹಳ್ಳದಲ್ಲಿ ಇರುತ್ತಾರೆ. ಹಳೇ ಕಾರ್ಟೂನಿನ ಮತ್ಸ್ಯಕನ್ಯೆಯ ಪಾತ್ರಕ್ಕೆ ಕಪ್ಪು ವರ್ಣೀಯ ನಟಿಯನ್ನು ಹಾಕಿದ 'ದಿ ಲಿಟಲ್ ಮರ್ಮೇಡ್' 2023ರಲ್ಲಿ ಬಂದಾಗ ಮತ ಬೀಳುತ್ತಿರುವ ರೀತಿ ವಿಚಿತ್ರವಾಗಿದೆ ಅಂತ ಐಎಂಡಿಬಿಯವರೇ ಪುಟದ ಮೇಲೆ ಸೂಚನೆ ಹಾಕಿ, ಸರಾಸರಿ ಲೆಕ್ಕ ಹಾಕುವ ಕ್ರಮವನ್ನೇ ಬದಲಾಯಿಸಿದ್ದರು.

ನೀವು ಸಿನಿಮಾ ನೋಡಿದ ಮೇಲೆ ಬೈದಿದ್ದೀರಿ, ಅದೂ ಖಳನಾಯಕಿ, ಎಡಿಟಿಂಗ್ ಅಂತ ಬಿಡಿಸಿ ಹೇಳಿ. ನೀವು ಹಳ್ಳದವರು. ಅಲ್ಲಿ ಕೂತವರಿಗೆ ಎರಡೂ ಕಡೆಯಿಂದ ಕಲ್ಲು ಬೀಳುತ್ತದೆ, ಅಷ್ಟೇ.

ಸುಮ್ನೆಬಂದೆ:

ಮರ್ಮೇಡ್ ಜಗಳದಲ್ಲಿ ನನಗೆ ಇಷ್ಟವಾದದ್ದು ಆ ವಿಜ್ಞಾನದ ವಾದ. ಸಮುದ್ರದ ಆಳದಲ್ಲಿ ಬಿಸಿಲು ಇಲ್ಲ, ಹಾಗಾಗಿ ಮತ್ಸ್ಯಕನ್ಯೆ ಬೆಳ್ಳಗೇ ಇರಬೇಕಂತೆ. ಸೊಂಟದ ಕೆಳಗೆ ಮೀನು ಅನ್ನುವುದಕ್ಕೆ ಅಭ್ಯಂತರ ಇಲ್ಲ. ಏಡಿ ಹಾಡುತ್ತದೆ, ಅದಕ್ಕೂ ಅಭ್ಯಂತರ ಇಲ್ಲ. ಹುಡುಗಿಯ ಬಣ್ಣ ಬಂದ ತಕ್ಷಣ ಎಲ್ಲರೂ ಜೀವಶಾಸ್ತ್ರದ ಮೇಷ್ಟ್ರು.

ನೇರಮಾತು:

ನಗುವುದು ಸುಲಭ. ನಾನು ಬೈಸಿಕೊಳ್ಳಲು ತಯಾರಾಗಿಯೇ ಬರೆಯುತ್ತಿದ್ದೇನೆ.

ಹಳೇರೀಲು ಹೇಳಿದ ತಾರೀಖಿನ ಉಪಾಯ ಸರಿ. ಆದರೆ ಅದೇ ಉಪಾಯವನ್ನು ಕಂಪನಿಗಳ ಮೇಲೂ ಇಟ್ಟು ನೋಡಿ. ಸಿನಿಮಾ ಬರುವ ಮುಂಚೆಯೇ 'ಇದನ್ನು ಇಷ್ಟಪಡದವರೆಲ್ಲ ದ್ವೇಷಿಗಳು' ಅನ್ನುವ ಗಾಳಿ ಬೀಸುವುದು ಅವರಿಗೂ ಲಾಭವೇ. ಬರವಣಿಗೆ ಸೋತಿದ್ದರೆ, ಶೂಟಿಂಗ್ ಮುಗಿದ ಮೇಲೆ ಅರ್ಧ ಸಿನಿಮಾ ಮತ್ತೆ ತೆಗೆದಿದ್ದರೆ, ಅದೆಲ್ಲ ಆ ಗದ್ದಲದ ಹಿಂದೆ ಮುಚ್ಚಿಹೋಗುತ್ತದೆ. 'ಘೋಸ್ಟ್‌ಬಸ್ಟರ್ಸ್'ಗೆ 14.4 ಕೋಟಿ ಡಾಲರ್ ಸುರಿದರು. ಜಗತ್ತಿನಾದ್ಯಂತ ಬಂದದ್ದು ಸುಮಾರು 23 ಕೋಟಿ, ಅದರಲ್ಲಿ ಹೆಚ್ಚುಕಡಿಮೆ ಅರ್ಧ ಥಿಯೇಟರಿನವರ ಪಾಲು, ಜಾಹೀರಾತಿನ ಖರ್ಚು ಬೇರೆ. ಇಷ್ಟಕ್ಕೂ ಟ್ರೋಲ್‌ಗಳೇ ಕಾರಣ ಅಂದರೆ ಯಾರು ನಂಬುತ್ತಾರೆ?

ಆ ಕಂಪನಿಗಳ ಪ್ರೀತಿ ಎಷ್ಟು ಆಳ ಅಂತ ನೋಡಬೇಕಾದರೆ 2015ರ ಸ್ಟಾರ್ ವಾರ್ಸ್ ಸಿನಿಮಾ 'ದಿ ಫೋರ್ಸ್ ಅವೇಕನ್ಸ್' ಪೋಸ್ಟರ್ ನೋಡಿ. ಅಮೆರಿಕದ ಪೋಸ್ಟರಿನಲ್ಲಿ ಕಪ್ಪು ವರ್ಣೀಯ ನಟ ಜಾನ್ ಬೊಯೇಗಾ ದೊಡ್ಡದಾಗಿ ನಿಂತಿದ್ದಾನೆ. ಚೀನಾದ ಪೋಸ್ಟರಿನಲ್ಲಿ ಅವನನ್ನು ಕುಗ್ಗಿಸಿ ಮೂಲೆಗೆ ತಳ್ಳಿದ್ದಾರೆ. ಮೈತುಂಬ ಕೂದಲಿನ ಚೂಬಾಕಾ ಪೂರ್ತಿ ಮಾಯ. ಇಲ್ಲಿ ವೈವಿಧ್ಯ, ಅಲ್ಲಿ ವ್ಯಾಪಾರ.

ಮತ್ತೆ ನನ್ನ ಮುಖ್ಯ ಪ್ರಶ್ನೆ, ಯಾರೂ ನೇರ ಉತ್ತರ ಕೊಡುವುದಿಲ್ಲ. ಹಳೆಯ ಬಿಳಿಯ ಪಾತ್ರಕ್ಕೆ ಕಪ್ಪು ವರ್ಣೀಯರನ್ನು ಹಾಕಬಹುದಾದರೆ, ಕಪ್ಪು ಪಾತ್ರಕ್ಕೆ ಬಿಳಿಯರನ್ನು ಹಾಕಿದರೆ ಒಪ್ಪುತ್ತೀರಾ? ನ್ಯಾಯ ಅಂದರೆ ಎರಡೂ ಕಡೆ ಒಂದೇ ಅಲ್ವಾ?

ಹಳೇರೀಲು:

ನೇರ ಉತ್ತರ ಕೊಡುತ್ತೇನೆ ನೇರಮಾತು ಅವರೇ. ಅದನ್ನು ಹಾಕಿ ಆಗಿದೆ. ದಶಕಗಟ್ಟಲೆ ಹಾಕಿದ್ದಾರೆ.

1937ರಲ್ಲಿ 'ದಿ ಗುಡ್ ಅರ್ತ್' ಬಂತು. ಚೀನಾದ ರೈತ ಗಂಡ ಹೆಂಡತಿಯ ಕತೆ. ಅಮೆರಿಕದಲ್ಲೇ ಹುಟ್ಟಿದ ಚೀನೀ ಮೂಲದ ನಟಿ ಅನ್ನಾ ಮೇ ವಾಂಗ್ ಆಗ ದೊಡ್ಡ ಹೆಸರು, ಆ ಹೆಂಡತಿಯ ಪಾತ್ರ ಬೇಕು ಅಂತ ಆಸೆಪಟ್ಟಿದ್ದಳು. ಗಂಡನ ಪಾತ್ರಕ್ಕೆ ಬಿಳಿಯ ನಟನನ್ನು ಆರಿಸಿದ್ದರು. ಬೇರೆ ಜನಾಂಗದವರನ್ನು ಜೋಡಿಯಾಗಿ ತೋರಿಸಲು ಹಾಲಿವುಡ್ ತನಗೆ ತಾನೇ ಹಾಕಿಕೊಂಡಿದ್ದ ಆಗಿನ ನಿಯಮಾವಳಿ, ಹೇಸ್ ಕೋಡ್, ಅಡ್ಡ ಬರುತ್ತಿತ್ತು. ಹಾಗಾಗಿ ಹೆಂಡತಿಯೂ ಬಿಳಿಯಳೇ ಆಗಬೇಕಾಯಿತು, ಲೂಯಿಸ್ ರೈನರ್. ಚೀನೀ ಹೆಂಗಸಿನ ಮೇಕಪ್ ಹಾಕಿದ ಆ ಪಾತ್ರಕ್ಕೆ 1938ರಲ್ಲಿ ಅವಳಿಗೆ ಆಸ್ಕರ್ ಬಂತು. ಏಷ್ಯಾದವಳು ಅಂತ ತನ್ನನ್ನು ಗುರುತಿಸಿಕೊಂಡ ನಟಿಯೊಬ್ಬಳಿಗೆ ಅದೇ ಅತ್ಯುತ್ತಮ ನಟಿ ಆಸ್ಕರ್ ಮೊದಲ ಬಾರಿ ಸಿಕ್ಕಿದ್ದು 2023ರಲ್ಲಿ, ಮಿಶೆಲ್ ಯೋ ಅವರಿಗೆ. ನಡುವೆ 85 ವರ್ಷ.

1961ರಲ್ಲಿ 'ಬ್ರೇಕ್‌ಫಾಸ್ಟ್ ಅಟ್ ಟಿಫನೀಸ್'ನಲ್ಲಿ ಮಿಕಿ ರೂನಿ ಉಬ್ಬುಹಲ್ಲು ಇಟ್ಟುಕೊಂಡು ಜಪಾನಿಯಾದ. ಅದನ್ನು ಇವತ್ತು ನೋಡಲು ಆಗುವುದಿಲ್ಲ, ಮೈ ಹಿಡಿ ಆಗುತ್ತದೆ. 2014ರಲ್ಲಿ ಈಜಿಪ್ಟಿನ ಫೇರೋ ಆಗಿ ಬಂದವನು ಆಸ್ಟ್ರೇಲಿಯಾದ ನಟ. ಆದ್ದರಿಂದ ಎರಡೂ ಕಡೆ ತೂಕ ಒಂದೇ ಅಲ್ಲ. ಒಂದು ಕಡೆಯವರಿಗೆ ಊಟದ ಎಲೆಯೇ ಹಾಕಿರಲಿಲ್ಲ, ಇನ್ನೊಂದು ಕಡೆಯವರ ಎಲೆಯಿಂದ ಈಗ ಒಂದು ತುತ್ತು ಆಚೆ ಹೋಗಿದೆ.

ಕಂಪನಿಗಳ ಬಗ್ಗೆ ನೀವು ಹೇಳಿದ್ದಕ್ಕೆ ಮಾತ್ರ ನನ್ನ ತಕರಾರಿಲ್ಲ. ಪೋಸ್ಟರ್ ವಿಷಯ ನಾಚಿಕೆಗೇಡು. ಬೊಯೇಗಾ ಕೂಡ 2020ರಲ್ಲಿ ಒಂದು ಪತ್ರಿಕೆಗೆ ಹೇಳಿದ್ದು ಅದನ್ನೇ. ಕಪ್ಪು ವರ್ಣೀಯ ಪಾತ್ರವನ್ನು ಪ್ರಚಾರದಲ್ಲಿ ದೊಡ್ಡದು ಮಾಡಿ ತೋರಿಸಿ ಆಮೇಲೆ ಪಕ್ಕಕ್ಕೆ ಸರಿಸಬೇಡಿ ಅಂತ. ಮೊದಲ ಭಾಗದ ಪ್ರಚಾರದಲ್ಲಿ ಬೆಳಕಿನ ಕತ್ತಿ ಹಿಡಿದು ನಿಂತವನು ಅವನು. ಮೂರನೇ ಭಾಗದ ಹೊತ್ತಿಗೆ ಅವನಿಗೆ ಕೆಲಸವೇ ಇರಲಿಲ್ಲ.

ಎರಡನೇಶೋ:

ಕೊನೇಸಾಲು ಅವರ ಎರಡನೇ ಪ್ರಶ್ನೆಯನ್ನು ಯಾರೂ ಮುಟ್ಟಲಿಲ್ಲ, ನಾನು ಪ್ರಯತ್ನ ಮಾಡುತ್ತೇನೆ. ನನ್ನದೇ ಒಂದು ಕತೆ ಇದೆ, ಹೇಳಲು ಸ್ವಲ್ಪ ನಾಚಿಕೆ.

'ದಿ ಹಂಗರ್ ಗೇಮ್ಸ್' ಪುಸ್ತಕವನ್ನು ನಾನು ಸಿನಿಮಾಕ್ಕೆ ಮುಂಚೆಯೇ ಓದಿದ್ದೆ. ಅದರಲ್ಲಿ ರೂ ಅಂತ ಹನ್ನೆರಡು ವರ್ಷದ ಹುಡುಗಿ ಬರುತ್ತಾಳೆ. ಮರದಿಂದ ಮರಕ್ಕೆ ಹಾರುತ್ತಾಳೆ, ನಾಯಕಿಗೆ ತಂಗಿಯನ್ನು ನೆನಪಿಸುತ್ತಾಳೆ. ಅವಳು ಸತ್ತಾಗ ಪುಸ್ತಕ ಮುಚ್ಚಿಟ್ಟು ಅತ್ತಿದ್ದೆ. 2012ರಲ್ಲಿ ಸಿನಿಮಾ ಬಂತು, ರೂ ಪಾತ್ರಕ್ಕೆ ಅಮಾಂಡ್ಲಾ ಸ್ಟೆನ್‌ಬರ್ಗ್, ಕಪ್ಪು ವರ್ಣೀಯ ಹುಡುಗಿ. ನೋಡಿದ ತಕ್ಷಣ ನನ್ನ ತಲೆಯಲ್ಲಿ ಬಂದ ಮಾತು 'ಅರೆ, ಪಾತ್ರ ಬದಲಾಯಿಸಿಬಿಟ್ಟರಾ'. ಸಿಟ್ಟೇನೂ ಬರಲಿಲ್ಲ, ಆದರೆ ಏನೋ ತಪ್ಪಿದ ಹಾಗೆ ಅನಿಸಿತು. ಮನೆಗೆ ಬಂದು ಪುಸ್ತಕ ತೆಗೆದು ನೋಡಿದೆ. ಕಡುಕಂದು ಮೈಬಣ್ಣ, ಕಂದು ಕಣ್ಣು ಅಂತ ಸ್ಪಷ್ಟವಾಗಿ ಅಚ್ಚಾಗಿದೆ! ಒಂದು ಸಲ ಅಲ್ಲ, ಇಡೀ ಪುಸ್ತಕವನ್ನು ಎರಡು ಸಲ ಓದಿದ್ದೆ. ಎರಡು ಸಲವೂ ಕಣ್ಣು ಆ ಸಾಲಿನ ಮೇಲೆ ಹಾದುಹೋಗಿದೆ, ಮನಸ್ಸು ಮಾತ್ರ ತನಗೆ ಬೇಕಾದ ಬಣ್ಣ ಬಳಿದುಕೊಂಡಿದೆ. ತಂಗಿಯ ಹಾಗೆ, ಮುಗ್ಧೆ, ಮುದ್ದು ಅಂತ ಬರೆದಿದ್ದನ್ನು ಓದಿ ನಾನು ಬೆಳ್ಳಗಿನ ಹುಡುಗಿಯನ್ನು ಕಂಡಿದ್ದೆ. ನಾನೇನು ಬೆಳ್ಳಗಿಲ್ಲ ಮತ್ತೆ.

ಆಗ ಟ್ವಿಟರ್‌ನಲ್ಲಿ ಕೆಲವರು ಇದನ್ನೇ ಸಿಟ್ಟಿನಿಂದ ಬರೆದರು. ರೂ ಕಪ್ಪು ಅಂತ ಗೊತ್ತಾದ ಮೇಲೆ ಅವಳ ಸಾವಿಗೆ ಮೊದಲಿನಷ್ಟು ಅಳು ಬರಲಿಲ್ಲ ಅನ್ನುವ ಅರ್ಥದ ಮಾತುಗಳನ್ನೂ ಬರೆದರು. ಅದನ್ನು ಓದಿ ಸಿಟ್ಟು ಬಂತು. ಆದರೆ ಅವರಿಗೂ ನನಗೂ ಶುರುವಾದದ್ದು ಒಂದೇ ಜಾಗದಲ್ಲಿ ಅಂತಲೂ ಗೊತ್ತಿತ್ತು. ನಾನು ಹೋಗಿ ಪುಸ್ತಕ ತೆಗೆದೆ, ಅವರು ಹೋಗಿ ಟ್ವೀಟ್ ಮಾಡಿದರು.

ಇನ್ನೊಂದು ಕಡೆಯಿಂದ ನೋಡಿ. 'ದಿ ಶಾಶಾಂಕ್ ರಿಡೆಂಪ್ಶನ್' ಯಾರಿಗೆ ಗೊತ್ತಿಲ್ಲ? ಮೂಲ ಕತೆಯಲ್ಲಿ ರೆಡ್ ಅನ್ನುವವನು ಐರಿಶ್ ಮೂಲದ ಬಿಳಿಯ, ಕೆಂಪು ಕೂದಲು. ಸಿನಿಮಾದಲ್ಲಿ ಮಾರ್ಗನ್ ಫ್ರೀಮನ್. ನಿನಗೆ ರೆಡ್ ಅಂತ ಹೆಸರು ಯಾಕೆ ಬಂತು ಅಂತ ಕೇಳಿದರೆ 'ನಾನು ಐರಿಶ್ ಅಲ್ವಾ, ಅದಕ್ಕಿರಬಹುದು' ಅನ್ನುವ ಅರ್ಥದ ತಮಾಷೆ ಬೇರೆ ಮಾಡುತ್ತಾನೆ. ಐಎಂಡಿಬಿಯ 250ರ ಪಟ್ಟಿಯಲ್ಲಿ ವರ್ಷಗಟ್ಟಲೆ ಮೊದಲ ಸ್ಥಾನದಲ್ಲಿ ಇರುವುದು ಅದೇ ಸಿನಿಮಾ. ಮೂಲಕ್ಕೆ ದ್ರೋಹ ಆಯಿತು ಅಂತ ಅಲ್ಲಿ ಯಾರು ಕೂಗಿದರು?

ಸುಮ್ನೆಬಂದೆ:

ಮೂಲಕ್ಕೆ ದ್ರೋಹ ಅಂದಾಗ ನೆನಪಾಯಿತು. 2005ರಲ್ಲಿ ಡೇನಿಯಲ್ ಕ್ರೇಗ್‌ನನ್ನು ಜೇಮ್ಸ್ ಬಾಂಡ್ ಅಂತ ಘೋಷಿಸಿದಾಗ ಬಹಿಷ್ಕಾರ ಹಾಕಲು ವೆಬ್‌ಸೈಟೇ ಶುರು ಮಾಡಿದ್ದರು. ಕೂದಲು ಹೊಂಬಣ್ಣ, ಎತ್ತರ ಸಾಲದು ಅಂತ. ಮರುವರ್ಷ 'ಕಸೀನೋ ರಾಯಲ್' ಬಂತು, ಎಲ್ಲರೂ ಬಾಯಿ ಮುಚ್ಚಿಕೊಂಡರು. ಅಭಿಮಾನಿಗಳಿಗೆ ಕೂದಲಿನ ಬಣ್ಣವೇ ಜೀರ್ಣ ಆಗುವುದಿಲ್ಲ ಸ್ವಾಮಿ.

ನೇರಮಾತು:

ನೋಡಿ, ಬಾಂಡ್ ಉದಾಹರಣೆ ನನ್ನ ಪರವಾಗಿದೆ. ಬಿಳಿಯ ಗಂಡಸು ಬಂದರೂ ಕೂಗಾಡಿದರು ಅಂದರೆ ಬದಲಾವಣೆ ಕಂಡರೆ ಅಭಿಮಾನಿಗಳು ಕೂಗುತ್ತಾರೆ, ಅಷ್ಟೇ. ಎಲ್ಲದಕ್ಕೂ ಜನಾಂಗ ದ್ವೇಷ ಅಂತ ಹಣೆಪಟ್ಟಿ ಯಾಕೆ?

ಮರ್ಮೇಡ್ ಬದಲು ಹೊಸ ಕತೆ ಬರೆಯಲಿ. ಅದಕ್ಕೆ ನಾನೇ ಮೊದಲ ಟಿಕೆಟ್ ತೆಗೆಯುತ್ತೇನೆ. ಹಳೇ ಪಾತ್ರಕ್ಕೆ ಬಣ್ಣ ಬಳಿಯುವುದು ಸೋಮಾರಿತನ.

ಸ್ಕ್ರಿಪ್ಟ್‌ಹುಳ:

ಇಷ್ಟು ಹೊತ್ತು ಓದುತ್ತಾ ಕೂತಿದ್ದೆ, ಇಲ್ಲಿ ಬಾಯಿ ಹಾಕಲೇಬೇಕು.

'ಹೊಸ ಕತೆ ಬರೆಯಲಿ' ಅನ್ನುವುದು ಕೇಳಲು ಚೆನ್ನಾಗಿದೆ. ಅದಕ್ಕೆ ದುಡ್ಡು ಕೊಡುವವರು ಯಾರು? ದೊಡ್ಡ ಸ್ಟುಡಿಯೋಗಳು ಹದಿನೈದು ಇಪ್ಪತ್ತು ಕೋಟಿ ಡಾಲರ್ ಹಾಕುವುದು ಜನಕ್ಕೆ ಮೊದಲೇ ಗೊತ್ತಿರುವ ಹೆಸರಿಗೆ. ಹಳೇ ಸೀರೀಸ್, ಹಳೇ ಕಾಮಿಕ್ಸ್, ಹಳೇ ಕಾರ್ಟೂನ್. ಆ ಹಳೇ ಹೆಸರುಗಳೆಲ್ಲ ಹುಟ್ಟಿದ್ದು ನಾಯಕ ಅಂದರೆ ಬಿಳಿಯ ಗಂಡಸು ಅನ್ನುವ ಕಾಲದಲ್ಲಿ. ಹಾಗಾಗಿ ದೊಡ್ಡ ಸಿನಿಮಾದೊಳಗೆ ಬರಬೇಕಾದರೆ ಇರುವುದು ಅದೊಂದೇ ಬಾಗಿಲು, ಹಳೇ ಪಾತ್ರದ ಅಂಗಿ ತೊಟ್ಟುಕೊಂಡು ಬರುವುದು. ಬಂದರೆ 'ಅಂಗಿ ಕದ್ದರು' ಅನ್ನುತ್ತೀರಿ. ಹೊಸ ಅಂಗಿ ಹೊಲಿದರೆ ದುಡ್ಡಿಲ್ಲ.

ಹೊಸ ಕತೆಗೆ ದುಡ್ಡು ಸಿಕ್ಕಾಗ ಏನಾಗುತ್ತದೆ ಅಂತಲೂ ನೋಡಿದ್ದೇವೆ. 2018ರ 'ಕ್ರೇಜಿ ರಿಚ್ ಏಷ್ಯನ್ಸ್' ಸುಮಾರು 3 ಕೋಟಿ ಡಾಲರ್ ಖರ್ಚಿನ ಸಿನಿಮಾ, 23 ಕೋಟಿಗಿಂತ ಹೆಚ್ಚು ಗಳಿಸಿತು. ಆದರೆ ಈ ಕಾಲದ ಕತೆಗೆ ಹೆಚ್ಚಿನ ಪಾತ್ರಗಳೆಲ್ಲ ಏಷ್ಯನ್ನರೇ ಇರುವ ಸಿನಿಮಾವನ್ನು ಹಾಲಿವುಡ್‌ನ ದೊಡ್ಡ ಸ್ಟುಡಿಯೋ ಅದಕ್ಕೆ ಮುಂಚೆ ಮಾಡಿದ್ದು 1993ರಲ್ಲಿ. 25 ವರ್ಷ ಕಾದರು. ಕಪ್ಪು ವರ್ಣೀಯ ನಿರ್ದೇಶಕ ಜೋರ್ಡನ್ ಪೀಲ್ 2017ರಲ್ಲಿ 'ಗೆಟ್ ಔಟ್' ಮಾಡಿದ್ದು 45 ಲಕ್ಷ ಡಾಲರಿನಲ್ಲಿ. ಗಳಿಸಿದ್ದು 25 ಕೋಟಿಗೂ ಹೆಚ್ಚು, ಜೊತೆಗೆ ಬರವಣಿಗೆಗೆ ಆಸ್ಕರ್.

'ಹೆಂಗಸರ ಸಿನಿಮಾ ಓಡಲ್ಲ' ಅನ್ನುವುದಕ್ಕೂ ಒಂದು ಮಾತು. ಕೊನೇಸಾಲು ನೋಡಿದ 'ದಿ ಮಾರ್ವೆಲ್ಸ್' 2023ರಲ್ಲಿ ಸುಮಾರು 20 ಕೋಟಿ ಡಾಲರ್ ಗಳಿಸಿ ಮಕಾಡೆ ಮಲಗಿತು, ಮಾರ್ವೆಲ್ ಸರಣಿಯಲ್ಲೇ ಅಷ್ಟು ಕಡಿಮೆ ಗಳಿಸಿದ ಸಿನಿಮಾ ಅದುವರೆಗೆ ಇರಲಿಲ್ಲ. ಅದೇ ವರ್ಷ 'ಬಾರ್ಬಿ' 144 ಕೋಟಿ ಡಾಲರ್ ಗಳಿಸಿತು. ನಿರ್ದೇಶಕಿ ಹೆಣ್ಣು, ನಾಯಕಿ ಹೆಣ್ಣು, ಇಡೀ ವರ್ಷಕ್ಕೆ ಮೊದಲ ಸ್ಥಾನ. ಅದೇ ವರ್ಷ 'ದಿ ಫ್ಲ್ಯಾಶ್' ಬಂತು, ನಾಯಕ ಬಿಳಿಯ ಹುಡುಗ, 20 ಕೋಟಿಗಿಂತ ಹೆಚ್ಚು ಖರ್ಚು ಮಾಡಿ 27 ಕೋಟಿ ಗಳಿಸಿ ಮುಳುಗಿತು. ಅದು ಸೋತಾಗ 'ಬಿಳಿಯ ಹುಡುಗರನ್ನು ಹಾಕಿದರೆ ಹೀಗೇ' ಅಂತ ಯಾರೂ ಬರೆಯಲಿಲ್ಲ. ಸಿನಿಮಾ ಸೋತಿತು ಅಂದರು, ಅಷ್ಟೇ. ಆ ಸವಲತ್ತು ಎಲ್ಲರಿಗೂ ಸಿಗಬೇಕು ಅನ್ನುವುದು ನನ್ನ ವಾದ. ಸುಮ್ಮನೆ ಸೋಲುವ ಸವಲತ್ತು.

ನೇರಮಾತು:

ಫ್ಲ್ಯಾಶ್ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ಸರಿ.

ಆದರೂ ಒಂದು. ಈಗ ಯಾವ ಸಿನಿಮಾ ನೋಡಿದರೂ ಎಲ್ಲ ಕಡೆ ಹೆಂಗಸರೇ ಗಂಡಸರಿಗೆ ಪಾಠ ಹೇಳುತ್ತಿರುತ್ತಾರೆ ಅಂತ ನನಗೆ ಮಾತ್ರ ಅನಿಸುತ್ತಿದೆಯಾ?

ಎರಡನೇಶೋ:

ಅನಿಸುವುದು ಬೇರೆ, ಎಣಿಸುವುದು ಬೇರೆ ಸರ್. ಅಮೆರಿಕದ ಯುಎಸ್‌ಸಿ ವಿಶ್ವವಿದ್ಯಾಲಯದ ಅನೆನ್‌ಬರ್ಗ್ ವಿಭಾಗದವರು 2007ರಿಂದ ಪ್ರತಿ ವರ್ಷದ ಜನಪ್ರಿಯ 100 ಸಿನಿಮಾಗಳಲ್ಲಿ ಮಾತಿರುವ ಪಾತ್ರಗಳನ್ನೆಲ್ಲ ಕೂತು ಎಣಿಸುತ್ತಿದ್ದಾರೆ. ಒಂದೇ ಒಂದು ಮಾತಾಡಿದ ಪಾತ್ರವೂ ಲೆಕ್ಕಕ್ಕೆ ಬರುತ್ತದೆ. ಅದರಲ್ಲಿ ಹೆಣ್ಣು ಸುಮಾರು ಮೂರರಲ್ಲಿ ಒಂದು. ಅಷ್ಟೂ ವರ್ಷ ಅದು ಅಲ್ಲೇ ಆಸುಪಾಸಿನಲ್ಲಿ ಇದೆ. ಇಡೀ ಕೋಣೆಯಲ್ಲಿ ಮೂರರಲ್ಲಿ ಒಬ್ಬಳು ಹೆಂಗಸು ಮಾತಾಡಿದರೆ 'ಎಲ್ಲ ಕಡೆ ಅವರೇ' ಅಂತ ಕೇಳಿಸುತ್ತದೆ ಅಂದರೆ, ಕಿವಿಗೆ ಅಭ್ಯಾಸ ಆಗಿರುವುದು ಎಷ್ಟಕ್ಕೆ ಅಂತ ಯೋಚನೆ ಮಾಡಿ.

ಪಾಠ ಹೇಳುವ ಬರವಣಿಗೆ ಕೆಟ್ಟದು ಅನ್ನುವುದನ್ನು ಮಾತ್ರ ಪೂರ್ತಿ ಒಪ್ಪುತ್ತೇನೆ. ನಾಯಕಿಗೆ ತಪ್ಪು ಮಾಡಲು ಬಿಡದೆ, ಸೋಲಲು ಬಿಡದೆ, ನಡುವೆ ಒಂದು ಭಾಷಣ ತುರುಕಿದರೆ ನನಗೂ ಆಕಳಿಕೆ ಬರುತ್ತದೆ. 1979ರ 'ಏಲಿಯನ್' ಚಿತ್ರಕತೆಯಲ್ಲಿ ಈ ಪಾತ್ರಗಳನ್ನು ಗಂಡಸರೂ ಮಾಡಬಹುದು, ಹೆಂಗಸರೂ ಮಾಡಬಹುದು ಅಂತ ಬರೆದಿಟ್ಟಿದ್ದರು. ಹಾಗಾಗಿ ನಾಯಕಿ ರಿಪ್ಲಿ ಭಾಷಣ ಮಾಡುವುದಿಲ್ಲ. ಸೋಂಕು ತಗುಲಿದವನನ್ನು ಬಾಹ್ಯಾಕಾಶ ಹಡಗಿನೊಳಗೆ ಬಿಡಬಾರದು ಅಂತ ನಿಯಮ ಇದೆ, ಬಿಡಲ್ಲ ಅನ್ನುತ್ತಾಳೆ. ಬೇರೆಯವನೊಬ್ಬ ಬಾಗಿಲು ತೆಗೆಯುತ್ತಾನೆ. ಅವಳು ಹೇಳಿದ್ದು ಸರಿ ಅಂತ ನಮಗೆ ಗೊತ್ತಾಗುವುದು ಭಾಷಣದಿಂದ ಅಲ್ಲ.

ನೀವೆಲ್ಲ ಬಾಕ್ಸಾಫೀಸ್ ಲೆಕ್ಕ ಹಾಕುತ್ತಿದ್ದೀರಿ, ಈ ಜಗಳದಲ್ಲಿ ಒಬ್ಬ ಮನುಷ್ಯಳು ಸಿಕ್ಕಿಹಾಕಿಕೊಂಡರೆ ಏನಾಗುತ್ತದೆ ಅಂತಲೂ ಹೇಳಿಬಿಡುತ್ತೇನೆ. ಕೆಲ್ಲಿ ಮೇರಿ ಟ್ರಾನ್. ಅದೇ ಸ್ಟಾರ್ ವಾರ್ಸ್ ಸರಣಿಯ 2017ರ 'ದಿ ಲಾಸ್ಟ್ ಜೇಡೈ'ನಲ್ಲಿ ರೋಸ್ ಪಾತ್ರ ಮಾಡಿದವಳು, ವಿಯೆಟ್ನಾಂ ಮೂಲದ ಅಮೆರಿಕದ ನಟಿ. ಪಾತ್ರ ಇಷ್ಟವಾಗದಿದ್ದರೆ ಬರೆದವರನ್ನು ಕೇಳಬೇಕು. ಜನ ಅವಳ ಇನ್‌ಸ್ಟಾಗ್ರಾಂಗೆ ಹೋಗಿ ಅವಳ ಕಣ್ಣು, ಮೈ, ಜನಾಂಗ ಎಲ್ಲ ಹಿಡಿದು ಬೈದರು. 2018ರಲ್ಲಿ ಅವಳು ತನ್ನ ಪೋಸ್ಟ್‌ಗಳನ್ನೆಲ್ಲ ಅಳಿಸಿಹಾಕಿದಳು. ಕೆಲವು ತಿಂಗಳ ನಂತರ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಒಂದು ಲೇಖನ ಬರೆದಳು. ಅವರ ಮಾತನ್ನು ತಾನೇ ನಂಬಲು ಶುರು ಮಾಡಿದ್ದೆ ಅಂತ ಅದರಲ್ಲಿ ಹೇಳಿಕೊಂಡಿದ್ದಾಳೆ. 2019ರ ಮುಂದಿನ ಭಾಗದಲ್ಲಿ ಅವಳು ತೆರೆಯ ಮೇಲೆ ಇರುವುದು ಎರಡು ನಿಮಿಷವೂ ಅಲ್ಲ. ಕೂಗಿದವರಿಗೆ ಬೇಕಾದದ್ದು ಸಿಕ್ಕಿತು. ನನಗೆ ಇಡೀ ವಿಷಯದಲ್ಲಿ ತುಂಬಾ ನೋವಾಗುವುದು ಇದೊಂದೇ. ಬೈದವರ ಮೇಲೆ ಒಂದು ಪಾಲು ಸಿಟ್ಟು, ಹೆದರಿದ ಕಂಪನಿಯ ಮೇಲೆ ಎರಡು ಪಾಲು.

ಕೊನೇಸಾಲು:

ಇಷ್ಟೆಲ್ಲ ಬರೆಯುತ್ತೀರಿ ಅಂತ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಥ್ಯಾಂಕ್ಸ್. ಎರಡನೇಶೋ ಅವರು ರೂ ಕತೆ ಹೇಳಿದ ಮೇಲೆ ನಾನೂ ಒಂದು ಒಪ್ಪಿಕೊಳ್ಳುತ್ತೇನೆ.

ಹಳೇರೀಲು ಹೇಳಿದ ಆ 'ಘೋಸ್ಟ್‌ಬಸ್ಟರ್ಸ್' ಟ್ರೇಲರ್ ಇದೆಯಲ್ಲ, ಅದಕ್ಕೆ 2016ರಲ್ಲಿ ಡಿಸ್‌ಲೈಕ್ ಒತ್ತಿದವರಲ್ಲಿ ನಾನೂ ಒಬ್ಬ. ಇದನ್ನು ಓದುವವರೆಗೆ ನೆನಪೇ ಇರಲಿಲ್ಲ. ಸ್ನೇಹಿತ ಲಿಂಕ್ ಕಳಿಸಿದ್ದ, 'ಹೋಗಿ ಒತ್ತು' ಅಂದಿದ್ದ, ಒತ್ತಿದೆ. ಟ್ರೇಲರ್ ಪೂರ್ತಿ ನೋಡಿದ್ದೆನಾ ಅಂತಲೂ ಗೊತ್ತಿಲ್ಲ. ಹೆಂಗಸರ ಮೇಲೆ ಸಿಟ್ಟಿತ್ತಾ? ಇರಲಿಲ್ಲ ಅಂತಲೇ ಈಗಲೂ ಅನಿಸುತ್ತದೆ. ಎಲ್ಲರೂ ಎಸೆಯುತ್ತಿದ್ದರು, ನನ್ನ ಕೈಗೂ ಒಂದು ಕಲ್ಲು ಕೊಟ್ಟರು. 1984ರ ಹಳೆಯದನ್ನೂ ನಾನು ಆಗ ನೋಡಿರಲಿಲ್ಲ, ಯಾವ ಮೂಲವನ್ನು ಕಾಪಾಡುತ್ತಿದ್ದೆನೋ.

ಅದಕ್ಕೆ ನಿನ್ನೆ ರಾತ್ರಿ ಕೂತು ಸಿನಿಮಾ ಪೂರ್ತಿ ನೋಡಿದೆ. ಕ್ರಿಸ್ ಹೆಮ್ಸ್‌ವರ್ತ್ ಅದರಲ್ಲಿ ಆಫೀಸಿನ ಸಹಾಯಕ, ನೋಡಲು ಚೆಂದ, ತಲೆಯಲ್ಲಿ ಏನೂ ಇಲ್ಲ. ಕನ್ನಡಕ ಹಾಕಿಕೊಂಡೇ ಕಣ್ಣು ಉಜ್ಜುತ್ತಾನೆ, ಬೆರಳು ಫ್ರೇಮಿನೊಳಗಿಂದ ನೇರ ಕಣ್ಣಿಗೆ ಹೋಗುತ್ತದೆ. ಗಾಜು ಪದೇ ಪದೇ ಕೊಳೆಯಾಗುತ್ತಿತ್ತು, ಅದಕ್ಕೆ ತೆಗೆದುಬಿಟ್ಟನಂತೆ. ಅಲ್ಲಿ ನಕ್ಕಿದ್ದು ಪಕ್ಕದ ಕೋಣೆಗೆ ಕೇಳಿಸಿದೆ. ಸುಂದರ ಪೆದ್ದ ಸೆಕ್ರೆಟರಿ ಅನ್ನುವ ಪಾತ್ರವನ್ನು ಇಷ್ಟು ವರ್ಷ ಹುಡುಗಿಯರಿಗೇ ಕೊಡುತ್ತಿದ್ದರು ಅಂತ ಹೊಳೆದದ್ದು ನಕ್ಕು ಮುಗಿದ ಮೇಲೆ. ಕೊನೆಯ ಅರ್ಧ ಗಂಟೆ ಮಾತ್ರ ಎಳೆದಾಟ, ಎಲ್ಲ ಕಡೆ ಹಸಿರು ನೀಲಿ ಬೆಳಕು, ಯಾರು ಯಾರಿಗೆ ಹೊಡೆಯುತ್ತಿದ್ದಾರೆ ಅಂತ ತಿಳಿಯಲಿಲ್ಲ. ಲೆಸ್ಲಿ ಜೋನ್ಸ್ ಚೆನ್ನಾಗಿ ಮಾಡಿದ್ದಾಳೆ. ಆದರೆ ಉಳಿದ ಮೂವರೂ ವಿಜ್ಞಾನಿಗಳು, ಅವಳೊಬ್ಬಳು ಮೆಟ್ರೋ ಸ್ಟೇಷನ್ನಿನ ಟಿಕೆಟ್ ಕೌಂಟರಿನವಳು. ಅದು ಯಾಕೋ ಚುಚ್ಚಿತು.

ಐಎಂಡಿಬಿಯಲ್ಲಿ 6 ಕೊಟ್ಟೆ. ಹಳ್ಳದಲ್ಲೇ. ಆ ಹಳೇ ಡಿಸ್‌ಲೈಕ್ ತೆಗೆಯೋಣ ಅಂತ ಯೂಟ್ಯೂಬ್‌ಗೂ ಹೋದೆ. ಈಗ ಅಲ್ಲಿ ಎಷ್ಟು ಜನ ಒತ್ತಿದ್ದಾರೆ ಅಂತ ತೋರಿಸುವುದೇ ಇಲ್ಲ, ನಾನು ತೆಗೆದದ್ದು ಯಾರಿಗೂ ಕಾಣುವುದಿಲ್ಲ. ತೆಗೆದೆ.

ನೇರಮಾತು:

6 ಜಾಸ್ತಿ ಆಯಿತು ಗುರು. ಆ ಕ್ಲೈಮ್ಯಾಕ್ಸ್ ನೋಡಿದ ಮೇಲೂ ಆರಾ? ನಾನು 5. ನೋಡಿದ್ದೇನೆ, ಥಿಯೇಟರಿನಲ್ಲೇ ನೋಡಿದ್ದೇನೆ, ಯಾರಾದರೂ ಕೇಳುವ ಮುಂಚೆ ಹೇಳಿಬಿಡುತ್ತೇನೆ.